ಜೇನ್ ಸ್ಟ್ಯಾನ್‌ಫರ್ಡ್: ಮಹಾದಾನಿಯೊಬ್ಬರ ವಿಷಮರಣ

ವಿದ್ಯಾಸಂಸ್ಥೆಗಳನ್ನು ಕಟ್ಟಿದ ದಾನಿಗಳ ಚರಿತ್ರೆ ಸಾಮಾನ್ಯವಾಗಿ ಒಂದೇ ಧಾಟಿಯಲ್ಲಿ ಸಾಗುತ್ತದೆ. ಹುಟ್ಟು, ಸಂಪಾದನೆ, ಶೋಕ, ತ್ಯಾಗ, ಕೀರ್ತಿಶೇಷತೆ ಎಂಬ ಮೆಟ್ಟಿಲುಗಳನ್ನು ಏರಿ ಬರಹ ಮುಗಿಯುತ್ತದೆ. ಸಂಸ್ಥೆಯ ಗೋಡೆಯ ಮೇಲಿನ ಭಾವಚಿತ್ರಕ್ಕೆ ವರ್ಷಕ್ಕೊಮ್ಮೆ ಹೂಮಾಲೆ ಬೀಳುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದಲ್ಲಿರುವ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಸ್ಥಾಪಕಿ ಜೇನ್ ಸ್ಟ್ಯಾನ್‌ಫರ್ಡ್ ಅವರ ಚರಿತ್ರೆಯನ್ನೂ ಬಹುಕಾಲ ಹೀಗೆಯೇ ಬರೆಯಲಾಯಿತು. ಆದರೆ ಆ ಚರಿತ್ರೆಯ ಕೊನೆಯ ಅಧ್ಯಾಯ ಈ ಧಾಟಿಗೆ ಒಗ್ಗುವಂತಹುದಲ್ಲ. 1905ನೆಯ ಫೆಬ್ರವರಿ 28ರ ರಾತ್ರಿ ಹವಾಯಿ ದ್ವೀಪಗಳ ಹಾನೊಲುಲು ನಗರದ ಹೋಟೆಲೊಂದರಲ್ಲಿ ಅವರು ತೀರಿಕೊಂಡರು. ಆ ಊರಿನ ಮರಣವಿಚಾರಣೆಯ ಪಂಚರು ಅದು ವಿಷಪ್ರಾಶನದಿಂದಾದ ಕೊಲೆ ಎಂದರು. ಅವರೇ ಕಟ್ಟಿದ ವಿಶ್ವವಿದ್ಯಾಲಯದ ಅಧ್ಯಕ್ಷರು ಅದು ಹೃದಯವಿಕಾರದಿಂದಾದ ಸಹಜ ಮರಣ ಎಂದರು. ಸುಮಾರು ಒಂದು ಶತಮಾನ ಕಾಲ ಲೋಕದಲ್ಲಿ ನಿಂತದ್ದು ಈ ಎರಡನೆಯ ಮಾತೇ.

ಕೊಂದವರು ಯಾರೆಂಬುದು ಇಂದಿಗೂ ನಿರ್ಣಯವಾಗಿಲ್ಲ. ಆದರೆ ಇಲ್ಲಿ ವಿಚಾರ ಮಾಡಬೇಕಾದ ಸಂಗತಿ ಅದೊಂದೇ ಅಲ್ಲ. ಸಂಸ್ಥೆಯೊಂದು ತನ್ನನ್ನು ಹೆತ್ತ ದಾನಿಯ ವಿಷಯದಲ್ಲಿ ಯಾವುದಕ್ಕೆ ಋಣಿಯಾಗಿರಬೇಕು, ಆಕೆಯ ಹೆಸರಿಗೋ, ಆಕೆಗೆ ಸಂಭವಿಸಿದುದರ ಸತ್ಯಕ್ಕೋ ಎಂಬ ಪ್ರಶ್ನೆ ಈ ಪ್ರಕರಣದ ಒಡಲಲ್ಲಿದೆ. ಭಕ್ತರ ಕಾಣಿಕೆಯಿಂದ ನಡೆಯುವ ಯಾವ ಸಂಸ್ಥೆಗೂ ಅದು ಪರಕೀಯವಾದ ಪ್ರಶ್ನೆಯಲ್ಲ.

ಜೇನ್ ಲೇಥ್ರಪ್ ಹುಟ್ಟಿದ್ದು 1828ರ ಆಗಸ್ಟ್ 25ರಂದು, ನ್ಯೂಯಾರ್ಕ್ ಪ್ರಾಂತದ ಆಲ್ಬನಿ ನಗರದಲ್ಲಿ. 1850ರಲ್ಲಿ ಲೀಲಂಡ್ ಸ್ಟ್ಯಾನ್‌ಫರ್ಡ್ ಎಂಬ ವಕೀಲರೊಡನೆ ವಿವಾಹವಾಯಿತು. ಚಿನ್ನದ ಗಣಿಗಳ ಕಾಲದಲ್ಲಿ ಪತಿ ಕ್ಯಾಲಿಫೋರ್ನಿಯಕ್ಕೆ ಹೋಗಿ ವ್ಯಾಪಾರಕ್ಕೆ ಕೈಹಾಕಿದರು. 1862ರಲ್ಲಿ ಆ ಪ್ರಾಂತದ ಗವರ್ನರ್ ಪದವಿ ದೊರೆಯಿತು. ಮೂವರು ಜೊತೆಗಾರರೊಡನೆ ಸೆಂಟ್ರಲ್ ಪೆಸಿಫಿಕ್ ಎಂಬ ರೈಲು ಕಂಪೆನಿಯನ್ನು ಕಟ್ಟಿ ಅವರು ಅದರ ಅಧ್ಯಕ್ಷರಾದರು. 1869ರ ಮೇ 10ರಂದು ಯೂಟಾ ಪ್ರದೇಶದ ಪ್ರಾಮಂಟರಿ ಎಂಬಲ್ಲಿ ಪೂರ್ವದ ಹಳಿಯೂ ಪಶ್ಚಿಮದ ಹಳಿಯೂ ಕೂಡಿದಾಗ ಚಿನ್ನದ ಮೊಳೆಯನ್ನು ಹೊಡೆದವರು ಇದೇ ಲೀಲಂಡ್ ಸ್ಟ್ಯಾನ್‌ಫರ್ಡ್. ಆ ಹಳಿಯನ್ನು ಸಿಯೆರಾ ಪರ್ವತದ ಹಿಮದಲ್ಲಿ ಹಾಸಿದವರು ಹತ್ತು ಸಾವಿರಕ್ಕೂ ಮಿಕ್ಕ ಚೀನೀ ಕೂಲಿಗಳೆಂಬುದನ್ನೂ, ಗವರ್ನರರಾಗಿ ಅಧಿಕಾರ ಸ್ವೀಕರಿಸಿದ ದಿನ ಇದೇ ಮಹಾಶಯರು ಚೀನೀಯರ ವಲಸೆಯನ್ನು ಹಳಿದು ಮಾತನಾಡಿದ್ದರೆಂಬುದನ್ನೂ ಮರೆಯುವಂತಿಲ್ಲ. ಕಾಯಕದ ಶುದ್ಧಿಯನ್ನು ವಿಚಾರಿಸದೆ ದಾಸೋಹವನ್ನು ಹೊಗಳುವ ರೂಢಿ ಶರಣರದಾಗಿರಲಿಲ್ಲ. ಸ್ಟ್ಯಾನ್‌ಫರ್ಡ್ ಸಂಪತ್ತಿನ ಮೂಲವನ್ನು ಕಂಡವರು ಅದರ ದಾನವನ್ನೂ ಎಚ್ಚರದಿಂದಲೇ ನೋಡಬೇಕಾಗುತ್ತದೆ.

ಮದುವೆಯಾಗಿ ಹದಿನೆಂಟನೆಯ ವರ್ಷದಲ್ಲಿ, 1868ರಲ್ಲಿ, ದಂಪತಿಗಳಿಗೆ ಒಬ್ಬನೇ ಮಗ ಹುಟ್ಟಿದ. ತಂದೆಯ ಹೆಸರನ್ನೇ ಇಟ್ಟರು. ಹದಿನಾರು ತುಂಬುವ ಮುನ್ನವೇ, 1884ರ ಮಾರ್ಚ್ 13ರಂದು, ಯೂರೋಪಿನ ಪ್ರವಾಸದಲ್ಲಿದ್ದಾಗ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ವಿಷಮಶೀತಜ್ವರದಿಂದ ಆ ಬಾಲಕ ತೀರಿಕೊಂಡ. ಪುತ್ರಶೋಕದಿಂದ ಕಂಗೆಟ್ಟ ತಾಯಿತಂದೆಗಳು ಕ್ಯಾಲಿಫೋರ್ನಿಯದ ಮಕ್ಕಳನ್ನೇ ಇನ್ನು ತಮ್ಮ ಮಕ್ಕಳೆಂದು ಭಾವಿಸಲು ನಿಶ್ಚಯಿಸಿದರು. 1885ರ ನವೆಂಬರಿನಲ್ಲಿ ದಾನಪತ್ರವಾಯಿತು. ಪ್ಯಾಲೊ ಆಲ್ಟೊ ಬಳಿಯ ಎಂಟು ಸಾವಿರ ಎಕರೆಗೂ ಹೆಚ್ಚಿನ ಭೂಮಿ ಮಗನ ಹೆಸರಿನ ವಿಶ್ವವಿದ್ಯಾಲಯಕ್ಕೆ ಮೀಸಲಾಯಿತು. 1891ರ ಅಕ್ಟೋಬರ್ 1ರಂದು ಬಾಗಿಲು ತೆರೆಯಿತು. ಹುಡುಗರೊಡನೆ ಹುಡುಗಿಯರಿಗೂ ಪ್ರವೇಶವಿತ್ತು. ಬೋಧನಾ ಶುಲ್ಕವೆಂಬುದೇ ಇರಲಿಲ್ಲ, 1920ರವರೆಗೂ ಇರಲಿಲ್ಲ. ಮೊದಲ ತಂಡದಲ್ಲಿ ಓದಿದ ಅನಾಥ ಬಾಲಕನೊಬ್ಬ, ಹರ್ಬರ್ಟ್ ಹೂವರ್, ಮುಂದೆ 1929ರಲ್ಲಿ ಅಮೆರಿಕದ ರಾಷ್ಟ್ರಾಧ್ಯಕ್ಷನಾದ. ಕುಲಪತಿಸ್ಥಾನಕ್ಕೆ ಆ ದೇಶದಲ್ಲಿ ಅಧ್ಯಕ್ಷಪದವಿಯೆಂದು ಹೆಸರು. ಆ ಪದವಿಗೆ ಇಂಡಿಯಾನ ವಿಶ್ವವಿದ್ಯಾಲಯದಿಂದ ಡೇವಿಡ್ ಸ್ಟಾರ್ ಜೋರ್ಡನ್ ಎಂಬ ಮತ್ಸ್ಯಶಾಸ್ತ್ರಜ್ಞರನ್ನು ಕರೆತಂದರು.

1893ರ ಜೂನ್ 21ರಂದು ಲೀಲಂಡ್ ಸ್ಟ್ಯಾನ್‌ಫರ್ಡ್ ನಿದ್ರೆಯಲ್ಲೇ ತೀರಿಕೊಂಡರು. ಅದೇ ವರ್ಷ ಅಮೆರಿಕವನ್ನು ಭಾರಿ ಆರ್ಥಿಕ ಮುಗ್ಗಟ್ಟು ಆವರಿಸಿತು. ಮೃತರ ಆಸ್ತಿ ನ್ಯಾಯಾಲಯದ ವಶದಲ್ಲಿ ಸಿಕ್ಕಿತು. ರೈಲುಮಾರ್ಗಕ್ಕೆ ಕೊಟ್ಟ ಸಾಲಕ್ಕಾಗಿ ಕೇಂದ್ರ ಸರ್ಕಾರ ಒಂದೂವರೆ ಕೋಟಿ ಡಾಲರಿಗೂ ಮಿಕ್ಕಿದ ಮೊತ್ತವನ್ನು ಆ ಆಸ್ತಿಯಿಂದ ವಸೂಲು ಮಾಡಲು ದಾವೆ ಹೂಡಿತು. ಸಲಹೆಗಾರರೆಲ್ಲರೂ ವಿಶ್ವವಿದ್ಯಾಲಯವನ್ನು ಕೆಲವು ಕಾಲ ಮುಚ್ಚುವುದೇ ಲೇಸೆಂದರು. ಅರವತ್ತೈದರ ಅಂಚಿನಲ್ಲಿದ್ದ ವಿಧವೆ ಒಪ್ಪಲಿಲ್ಲ. ಮನೆವಾರ್ತೆಯ ಖರ್ಚಿಗೆಂದು ನ್ಯಾಯಾಧೀಶರು ತಿಂಗಳಿಗೆ ಹತ್ತು ಸಾವಿರ ಡಾಲರನ್ನು ಮಂಜೂರು ಮಾಡಿದ್ದರು. ಆ ಹಣದಿಂದಲೇ ಪ್ರಾಧ್ಯಾಪಕರ ಸಂಬಳ ಸಾಗಬೇಕಾಯಿತು. ಕಾಗದದಲ್ಲಿ ಪ್ರಾಧ್ಯಾಪಕರನ್ನು ಜೇನ್ ಅವರ ಸ್ವಂತ ಸೇವಕವರ್ಗವೆಂದು ಲೆಕ್ಕಹಿಡಿದು ಈ ಏರ್ಪಾಟನ್ನು ಮಾಡಿದರೆಂದು ಹೇಳುತ್ತಾರೆ! ಮನೆಯ ಆಳುಗಳ ಸಂಖ್ಯೆಯನ್ನು ಆಕೆ ಕಡಿತಗೊಳಿಸಿದರು, ಬಂಡಿ ಕುದುರೆಗಳ ವೈಭವವನ್ನು ಬಿಟ್ಟರು. 1896ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಅವರ ಪರವಾಯಿತು. ಆದರೂ ಹಣದ ಅಡಚಣೆ ತೀರಲಿಲ್ಲ. 1897ರಲ್ಲಿ ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವಕ್ಕಾಗಿ ಲೋಕದ ಸಿರಿವಂತರು ಲಂಡನಿನಲ್ಲಿ ನೆರೆದಾಗ ತಮ್ಮ ಒಡವೆಗಳನ್ನು ಮಾರಲು ಅಲ್ಲಿಗೆ ಹೋದರು. ಬೆಲೆ ಕುದುರದೆ ಬಹುಭಾಗವನ್ನು ಮರಳಿ ತಂದರು. ಆ ಒಡವೆಗಳು ಮಾರಿದ ಹಣ ಗ್ರಂಥಾಲಯಕ್ಕೆ ಸಲ್ಲಬೇಕೆಂದು ಅವರು ವಿಧಿಸಿದುದರಿಂದ ಅವರ ಮರಣಾನಂತರ ಸ್ಥಾಪಿತವಾದ ‘ಆಭರಣ ನಿಧಿ’ಯಿಂದ ಇಂದಿಗೂ ಅಲ್ಲಿ ಪುಸ್ತಕಗಳು ಕೊಳ್ಳಲ್ಪಡುತ್ತಿವೆ.

ಇಷ್ಟನ್ನು ಓದಿದವರಿಗೆ ಕೈ ಮುಗಿಯಬೇಕೆನಿಸುವುದು ಸಹಜ. ಆದರೆ ಅದೇ ಕೈಗಳು ಕೊಟ್ಟುದನ್ನು ಬಿಗಿಯಾಗಿ ಹಿಡಿದುಕೊಂಡೂ ಇದ್ದವು. ದಾನಪತ್ರದ ಪ್ರಕಾರ ದಂಪತಿಗಳಲ್ಲಿ ಬದುಕಿ ಉಳಿದವರಿಗೆ ಸಂಸ್ಥೆಯ ಮೇಲೆ ಸರ್ವಾಧಿಕಾರವಿತ್ತು. 1893ರಿಂದ ಹತ್ತು ವರ್ಷ ಜೇನ್ ಸ್ಟ್ಯಾನ್‌ಫರ್ಡ್ ಅವರ ಇಚ್ಛೆಯೇ ವಿಶ್ವವಿದ್ಯಾಲಯದ ಶಾಸನವಾಗಿತ್ತು. ಮಗನ ನೆನಪಿನ ಸಂಸ್ಥೆ ಹೆಣ್ಣುಮಕ್ಕಳ ಕಾಲೇಜಾಗಿಬಿಟ್ಟೀತೆಂಬ ಭಯದಿಂದ 1899ರಲ್ಲಿ ವಿದ್ಯಾರ್ಥಿನಿಯರ ಸಂಖ್ಯೆ ಐದು ನೂರನ್ನು ಮೀರಬಾರದೆಂದು ಕಟ್ಟು ಮಾಡಿದರು. ಆ ಕಟ್ಟು 1933ರವರೆಗೆ ಸಡಿಲವಾಗಲಿಲ್ಲ. 1900ರಲ್ಲಿ ಎಡ್ವರ್ಡ್ ರಾಸ್ ಎಂಬ ಅರ್ಥಶಾಸ್ತ್ರದ ಪ್ರಾಧ್ಯಾಪಕರ ಸಾರ್ವಜನಿಕ ಭಾಷಣಗಳು ಅವರಿಗೆ ಸಹ್ಯವಾಗಲಿಲ್ಲ. ಜಪಾನೀಯರ ವಲಸೆಯ ವಿರುದ್ಧ ರಾಸ್ ಆಡಿದ ಮಾತುಗಳು ಇಂದು ಓದಿದರೂ ಅಸಹ್ಯವಾದವೇ. ಆದರೆ ರೈಲು ಕಂಪೆನಿಗಳ ಮೇಲೂ ಅವರ ಟೀಕೆಯಿತ್ತೆಂಬುದನ್ನು ಗಮನಿಸಬೇಕು. ಜೋರ್ಡನ್ ಅವರು ಮೊದಲು ತಡೆದು ನೋಡಿ ಕೊನೆಗೆ ಒಡತಿಯ ಮಾತಿಗೆ ತಲೆಬಾಗಿ ರಾಸ್ ಅವರನ್ನು ಹೊರಹಾಕಿದರು. ಇದನ್ನು ಪ್ರತಿಭಟಿಸಿ ಹಲವು ಪ್ರಾಧ್ಯಾಪಕರು ರಾಜೀನಾಮೆಯಿತ್ತರು. ಅವರಲ್ಲೊಬ್ಬರಾದ ಆರ್ಥರ್ ಲವ್‌ಜಾಯ್ 1915ರಲ್ಲಿ ಅಮೆರಿಕದ ಪ್ರಾಧ್ಯಾಪಕರ ಸಂಘವನ್ನು ಕಟ್ಟುವುದರಲ್ಲಿ ಮುಂದಾಳಾದರು.

ಅದೇ ವರ್ಷಗಳಲ್ಲಿ ಜೇನ್ ಅವರ ಮನಸ್ಸು ಕಟ್ಟಡಗಳ ಕಡೆಗೆ ಒಲಿದಿತ್ತು. ಪತಿಯ ನೆನಪಿಗೆ ಚಿತ್ರಖಚಿತವಾದ ಭವ್ಯ ಆರಾಧನಾಮಂದಿರ, ಮಗನ ನೆನಪಿಗೆ ವಿಸ್ತಾರವಾದ ವಸ್ತುಸಂಗ್ರಹಾಲಯ, ಮಹಾದ್ವಾರ, ಹೊರ ಅಂಗಳದ ಸಾಲು ಸಾಲು ಮಂದಿರಗಳು ಎದ್ದುವು. ಪ್ರಾಧ್ಯಾಪಕರ ಸಂಬಳವೂ ಗ್ರಂಥಾಲಯದ ಕಪಾಟುಗಳೂ ಬಡವಾಗಿಯೇ ಉಳಿದುವು. ಆ ಅವಧಿಗೆ ವಿಶ್ವವಿದ್ಯಾಲಯದ ಚರಿತ್ರೆಯಲ್ಲಿ ‘ಶಿಲಾಯುಗ’ವೆಂಬ ಪರಿಹಾಸದ ಹೆಸರು ಅಂಟಿಕೊಂಡಿತು. ಸ್ಥಾವರ ಮತ್ತು ಜಂಗಮ ಎಂಬ ಎರಡು ಮಾತುಗಳ ಅಂತರವನ್ನು ಬಲ್ಲ ವಚನಾಭ್ಯಾಸಿಗಳಿಗೆ ಈ ಹೆಸರಿನ ಮೊನೆ ತಟ್ಟನೆ ತಿಳಿಯುತ್ತದೆ. ವಿದ್ಯಾಲಯದಲ್ಲಿ ಕಲ್ಲು ಸ್ಥಾವರ, ಕಲಿಸುವವನು ಜಂಗಮ. ದಾನ ಬೇರೆ, ದಾಸೋಹ ಬೇರೆ ಎಂದು ಶರಣರು ವಿಂಗಡಿಸಿದುದೂ ಈ ಜಾಡಿನಲ್ಲೇ. ಕೊಟ್ಟೆನೆಂಬ ಭಾವ ಉಳಿದಷ್ಟು ಕಾಲ ಕೊಟ್ಟ ವಸ್ತು ಕೊಟ್ಟವನ ಕೈಯಲ್ಲೇ ಇರುತ್ತದೆ. ಜೇನ್ ಸ್ಟ್ಯಾನ್‌ಫರ್ಡ್ ಅವರಿಗೆ ಇದು ಕೊನೆಗೂ ಹೊಳೆಯದೆ ಹೋಯಿತೆನ್ನುವುದು ಅನ್ಯಾಯವಾದೀತು. 1903ರಲ್ಲಿ ಅವರು ತಮ್ಮ ಸರ್ವಾಧಿಕಾರವನ್ನು ಧರ್ಮದರ್ಶಿಗಳ ಮಂಡಲಿಗೆ ಒಪ್ಪಿಸಿ ಅದರ ಅಧ್ಯಕ್ಷತೆಯನ್ನು ಮಾತ್ರ ವಹಿಸಿಕೊಂಡರು. ಆದರೂ ಅವರ ಮಾತಿನ ತೂಕ ಇಳಿದಿರಲಿಲ್ಲ. ಜೋರ್ಡನ್ ಅವರ ಆಡಳಿತದ ಬಗೆಗೆ ಅವರ ಅಸಮಾಧಾನ ಬೆಳೆಯುತ್ತಲೇ ಇತ್ತು. ಜರ್ಮನ್ ಭಾಷೆಯ ಪ್ರಾಧ್ಯಾಪಕ ಜೂಲಿಯಸ್ ಗೇಬಲ್ ಅಧ್ಯಕ್ಷರ ವಿಷಯದಲ್ಲಿ ಅವರಿಗೆ ದೂರುಗಳನ್ನು ತಲುಪಿಸುತ್ತಿದ್ದರು. ಜೇನ್ ಅವರ ಮರಣದ ಬಳಿಕ ಗೇಬಲ್ ಅವರು ಹುದ್ದೆಯನ್ನು ಕಳೆದುಕೊಂಡುದನ್ನು ಚರಿತ್ರಕಾರರು ವಿಶೇಷವಾಗಿ ಗುರುತಿಸುತ್ತಾರೆ.

ಇಂತಹ ಸ್ಥಿತಿಯಲ್ಲಿ, 1905ನೆಯ ಜನವರಿ 14ರ ರಾತ್ರಿ, ಸಾನ್ ಫ್ರಾನ್ಸಿಸ್ಕೊ ನಗರದ ನಾಬ್ ಹಿಲ್ ದಿಬ್ಬದ ಮೇಲಿನ ತಮ್ಮ ಭವನದಲ್ಲಿ ಜೇನ್ ಸ್ಟ್ಯಾನ್‌ಫರ್ಡ್ ಅವರು ಮಲಗುವ ಮುನ್ನ ವಾಡಿಕೆಯಂತೆ ಸೀಸೆಯ ಖನಿಜಜಲವನ್ನು ಕುಡಿದರು. ಸಹಿಸಲಾಗದ ಕಹಿ! ಒಡನೆಯೇ ಗಂಟಲಿಗೆ ಬೆರಳಿಟ್ಟು ಕಾರಿಕೊಂಡರು. ಕಾರ್ಯದರ್ಶಿ ಬರ್ತಾ ಬರ್ನರ್ ಮತ್ತು ದಾಸಿ ಎಲಿಜಬೆತ್ ರಿಚ್ಮಂಡ್ ಓಡಿಬಂದು ನೀರನ್ನು ನಾಲಗೆಗೆ ಮುಟ್ಟಿಸಿ ನೋಡಿದರು, ಅವರಿಗೂ ಕಹಿಯೆನಿಸಿತು. ಉಳಿದ ನೀರನ್ನು ರಾಸಾಯನಿಕ ಪರೀಕ್ಷೆಗೆ ಕಳುಹಿಸಲಾಯಿತು. ಅದರಲ್ಲಿ ಸ್ಟ್ರಿಕ್ನೀನ್ ವಿಷವಿತ್ತು; ಇಲಿಪಾಷಾಣದಲ್ಲಿ ಬಳಸುವ ಬಗೆಯದು.

ಈ ವಿಷದ ತವರು ಕನ್ನಡಿಗರಿಗೆ ದೂರದ್ದಲ್ಲ. ಕಾಸರಕ, ಹೆಮ್ಮುಷ್ಟಿ ಎಂದು ಕನ್ನಡದಲ್ಲಿಯೂ ವಿಷಮುಷ್ಟಿ, ಕುಪೀಲು ಎಂದು ಸಂಸ್ಕೃತದಲ್ಲಿಯೂ ಕರೆಯುವ ಮರದ ಬೀಜದಲ್ಲಿರುವ ಸತ್ತ್ವವೇ ಸ್ಟ್ರಿಕ್ನೀನ್. ಮಲೆನಾಡಿನ, ಕರಾವಳಿಯ ಕಾಡುಗಳಲ್ಲಿ ಕಿತ್ತಳೆ ಬಣ್ಣದ ಚೆಲುವಾದ ಹಣ್ಣು ಬಿಡುವ ಈ ಮರವನ್ನು ಕಾಣದವರಿಲ್ಲ. ಕಾಸರಗೋಡಿನ ಹೆಸರಿಗೂ ಈ ಮರಕ್ಕೂ ನಂಟು ಹೇಳುವವರಿದ್ದಾರೆ. ಆಯುರ್ವೇದವು ಅದರ ಬೀಜವನ್ನು ಹಾಲು, ಗೋಮೂತ್ರ ಮೊದಲಾದುವುಗಳಲ್ಲಿ ಶೋಧಿಸಿದ ಬಳಿಕವೇ ಅಲ್ಪ ಮಾತ್ರೆಯಲ್ಲಿ ಬಳಸುತ್ತದೆ. 1818ರಲ್ಲಿ ಇಬ್ಬರು ಫ್ರೆಂಚ್ ರಸಾಯನಜ್ಞರು ಈ ಜಾತಿಯ ಸಸ್ಯದ ಬೀಜದಿಂದ ಸತ್ತ್ವವನ್ನು ಬೇರ್ಪಡಿಸಿದ ತರುವಾಯ ಅದು ಯೂರೋಪು ಅಮೆರಿಕಗಳಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಬಲವರ್ಧಕ ಔಷಧವಾಗಿಯೂ, ಹೆಚ್ಚಿನ ಪ್ರಮಾಣದಲ್ಲಿ ಇಲಿ ನರಿಗಳನ್ನು ಕೊಲ್ಲುವ ವಿಷವಾಗಿಯೂ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುತ್ತಿತ್ತು. ದೇಹದ ಸ್ನಾಯುಗಳು ಬಿಗಿದು ಸಡಿಲುವುದಕ್ಕೆ ಬೆನ್ನುಹುರಿಯಲ್ಲಿ ಒಂದು ಕಡಿವಾಣವಿದೆ. ಈ ವಿಷ ಆ ಕಡಿವಾಣವನ್ನೇ ಕಳಚುತ್ತದೆ. ಆಗ ಅಲ್ಪಸ್ವಲ್ಪ ಸದ್ದು ಸ್ಪರ್ಶಗಳಿಗೂ ಮೈಯೆಲ್ಲ ಸೆಟೆದು ಬಿಲ್ಲಿನಂತೆ ಬಾಗುತ್ತದೆ, ದವಡೆ ಕಚ್ಚಿಕೊಳ್ಳುತ್ತದೆ, ಉಸಿರಾಟದ ಸ್ನಾಯುಗಳು ನಿಲ್ಲುತ್ತವೆ. ಪ್ರಜ್ಞೆ ಮಾತ್ರ ಕಡೆಯವರೆಗೂ ಮಾಸುವುದಿಲ್ಲ. ಅದರ ದಾರುಣತೆ ಇರುವುದು ಅಲ್ಲಿಯೇ.

ಮೊದಲ ಸಲ ಕಹಿಯೇ ಜೇನ್ ಅವರ ಪ್ರಾಣವನ್ನು ಉಳಿಸಿತು. ಖಾಸಗಿ ಪತ್ತೇದಾರರನ್ನು ನೇಮಿಸಿ ಗುಟ್ಟಾಗಿ ವಿಚಾರಣೆ ನಡೆಯಿತು. ರಿಚ್ಮಂಡಳನ್ನು ಕೆಲಸದಿಂದ ಬಿಡಿಸಿದರು. ಮನೆಯ ಚೀನೀ ಆಳುಗಳ ಮೇಲೂ ಸಂಶಯ ಸುಳಿದಾಡಿತು. ಆ ನಾಡಿನಲ್ಲಿ ಆ ಕಾಲದಲ್ಲಿ ಯಾವ ಅಪರಾಧ ನಡೆದರೂ ಮೊದಲು ಸುಳಿಯುತ್ತಿದ್ದುದು ಅತ್ತಲೇ. ಯಾರ ಮೇಲೂ ದೋಷ ಸ್ಥಿರವಾಗಲಿಲ್ಲ. ತಮ್ಮನ್ನು ಕೊಲ್ಲಬಯಸುವವರು ಇದ್ದಾರೆಂಬ ಅರಿವಿನಿಂದಲೇ ಎಪ್ಪತ್ತಾರು ವರ್ಷದ ಆ ವೃದ್ಧೆ ಕುಗ್ಗಿಹೋದರು. ಫೆಬ್ರವರಿ 15ರಂದು, ನೆಗಡಿಯಿಂದಲೂ ಮನಃಕ್ಲೇಶದಿಂದಲೂ ಬಿಡುಗಡೆ ಬಯಸಿ, ಬರ್ನರ್ ಮತ್ತು ಹೊಸದಾಗಿ ನೇಮಿಸಿಕೊಂಡ ದಾಸಿಯೊಡನೆ ‘ಕೊರಿಯಾ’ ಎಂಬ ಹಡಗನ್ನೇರಿ ಹಾನೊಲುಲುವಿಗೆ ಹೊರಟರು.

ಅಲ್ಲಿ ಕಡಲಂಚಿನ ಮೋವಾನಾ ಹೋಟೆಲಿನಲ್ಲಿ ಬಿಡಾರ. ಫೆಬ್ರವರಿ 28ರ ಹಗಲಲ್ಲಿ ಗುಡ್ಡದ ಕಡೆಗೆ ವನಭೋಜನಕ್ಕೆ ಹೋಗಿ ಬಂದರು. ಮಲಗುವ ಮುನ್ನ ಹೊಟ್ಟೆಯ ಸಮಾಧಾನಕ್ಕೆಂದು ಸೋಡಾ ಪುಡಿ ಕೇಳಿದರು. ಊರಿನಿಂದ ತಂದಿದ್ದ ಸೀಸೆಯಿಂದ ಪುಡಿಯನ್ನು ತೆಗೆದಿರಿಸಿದವಳು ಬರ್ನರ್. ಜೊತೆಗೆ ಒಂದು ವಿರೇಚನದ ಗುಳಿಗೆಯೂ ಇತ್ತು. ರಾತ್ರಿ ಹನ್ನೊಂದೂಕಾಲರ ಸುಮಾರಿಗೆ ಅವರ ಕೂಗು ಕೇಳಿಸಿತು. ತಮಗೆ ಮತ್ತೆ ವಿಷ ಹಾಕಿದ್ದಾರೆಂದು ಅವರೇ ಹೇಳಿದರು. ಹೋಟೆಲಿನಲ್ಲೇ ತಂಗಿದ್ದ ವೈದ್ಯ ಹಂಫ್ರಿಸ್ ಧಾವಿಸಿ ಬಂದಾಗ ದವಡೆ ಬಿಗಿಯುತ್ತಿತ್ತು, ಕೈಗಳು ಮುಷ್ಟಿಕಟ್ಟಿದ್ದುವು. ವಾಂತಿ ಮಾಡಿಸುವ ಪ್ರಯತ್ನ ಫಲಿಸಲಿಲ್ಲ. ತಾವು ಸಾಯುತ್ತಿರುವುದನ್ನು ಬಲ್ಲವರಾಗಿಯೇ, ದೇವರ ಸ್ಮರಣೆ ಮಾಡುತ್ತ, ಅರ್ಧ ಗಂಟೆಯೊಳಗೆ ಅವರು ಪ್ರಾಣಬಿಟ್ಟರು.

ಹಾನೊಲುಲುವಿನ ಅಧಿಕಾರಿಗಳು ತಮ್ಮ ಕರ್ತವ್ಯವನ್ನು ಚೆನ್ನಾಗಿಯೇ ಮಾಡಿದರೆನ್ನಬೇಕು. ಹಲವು ವೈದ್ಯರ ಸಮಕ್ಷಮದಲ್ಲಿ ಶವಪರೀಕ್ಷೆ ನಡೆಯಿತು. ಮರಣಕ್ಕೆ ಕಾರಣವಾಗಬಲ್ಲ ಹೃದಯದ ರೋಗವಾವುದೂ ಅವರಿಗೆ ಕಾಣಲಿಲ್ಲ. ಸೋಡಾ ಪುಡಿಯಲ್ಲಿ ಸ್ಟ್ರಿಕ್ನೀನ್ ಇದ್ದುದು ರಾಸಾಯನಿಕ ಪರೀಕ್ಷೆಯಲ್ಲಿ ಖಚಿತವಾಯಿತು. ದೇಹದ ಅವಯವಗಳಲ್ಲೂ ಅದರ ಸುಳಿವು ಕಂಡಿತು. ಮೂರು ದಿನ ಸಾಕ್ಷ್ಯ ಕೇಳಿದ ಪಂಚರು ಎರಡು ನಿಮಿಷದೊಳಗೆ ಏಕಮತಕ್ಕೆ ಬಂದರು: ಪಂಚರಿಗೆ ತಿಳಿಯದ ವ್ಯಕ್ತಿ ಅಥವಾ ವ್ಯಕ್ತಿಗಳು ದುರುದ್ದೇಶದಿಂದ ಸೋಡಾದ ಸೀಸೆಯಲ್ಲಿ ಬೆರೆಸಿದ ಸ್ಟ್ರಿಕ್ನೀನ್ ವಿಷದಿಂದ ಈ ಮರಣ ಸಂಭವಿಸಿದೆ.

ಆ ತೀರ್ಪು ಹೊರಬಿದ್ದ ಸಮಯಕ್ಕೇ ಜೋರ್ಡನ್ ಅವರು ಧರ್ಮದರ್ಶಿಗಳಲ್ಲೊಬ್ಬರಾದ ಟಿಮೊಥಿ ಹಾಪ್ಕಿನ್ಸ್ ಅವರೊಡನೆ ಹಡಗಿನಿಂದ ಇಳಿದರು. ದೇಹವನ್ನು ಗೌರವದಿಂದ ಊರಿಗೆ ಕೊಂಡೊಯ್ಯುವುದು ಅವರ ಪ್ರಕಟಿತ ಉದ್ದೇಶ. ಆದರೆ ಅಲ್ಲಿ ಅವರು ಮಾಡಿದ ಮತ್ತೊಂದು ಕೆಲಸವಿತ್ತು. ಅರ್ನೆಸ್ಟ್ ವಾಟರ್‌ಹೌಸ್ ಎಂಬ ಬೇರೊಬ್ಬ ಸ್ಥಳೀಯ ವೈದ್ಯರನ್ನು ಗೊತ್ತುಮಾಡಿ, ಸಾಕ್ಷ್ಯಗಳ ಮೇಲೆ ಅಭಿಪ್ರಾಯ ಬರೆದುಕೊಡುವಂತೆ ಕೇಳಿದರು. ಅದಕ್ಕೆ ಕೊಟ್ಟ ಶುಲ್ಕ 350 ಡಾಲರು. ಈ ವೈದ್ಯರು ಸಾಯುವ ಘಳಿಗೆಯಲ್ಲಿ ಜೇನ್ ಅವರನ್ನು ಕಂಡವರಲ್ಲ, ಶವಪರೀಕ್ಷೆಯಲ್ಲಿ ಪಾಲುಗೊಂಡವರೂ ಅಲ್ಲ. ಅವರ ಅಭಿಪ್ರಾಯ ಕೈಸೇರಿದ ಮೇಲೆ ಜೋರ್ಡನ್ ಅವರು ಪತ್ರಿಕೆಗಳಿಗೆ ಹೇಳಿಕೆಯಿತ್ತರು: ವಿಷಪ್ರಾಶನ ನಡೆದಿಲ್ಲ, ವನಭೋಜನದ ಆಯಾಸ, ಅಪಥ್ಯವಾದ ಆಹಾರ, ದುರ್ಬಲವಾದ ಹೃದಯ, ಇವು ಸಾವಿಗೆ ಕಾರಣ. ಸೋಡಾ ಪುಡಿಯಲ್ಲಿ ದೊರೆತ ವಿಷಕ್ಕೂ ನಿರಪಾಯವಾದ ವಿವರಣೆಗಳು ಹುಟ್ಟಿಕೊಂಡುವು. ಹಾನೊಲುಲುವಿನ ವೈದ್ಯರು ಕಟುವಾದ ಮಾತುಗಳಲ್ಲಿ ಇದನ್ನು ಖಂಡಿಸಿದರು. ಅವರ ಖಂಡನೆ ಸಮುದ್ರ ದಾಟಿ ಬಂದಾಗ ಅದಕ್ಕೆ ಕಿವಿಗೊಡುವವರಿರಲಿಲ್ಲ. ಮಾರ್ಚ್ 24ರಂದು ವಿಶ್ವವಿದ್ಯಾಲಯದ ಅಂಗಳದಲ್ಲಿ ಗಂಡ ಮಗನ ಪಕ್ಕದಲ್ಲಿ ಆಕೆಯನ್ನು ಸಮಾಧಿ ಮಾಡಲಾಯಿತು. ಸಾನ್ ಫ್ರಾನ್ಸಿಸ್ಕೊದ ಪೊಲೀಸರು ಪ್ರಕರಣವನ್ನು ಅಲ್ಲಿಗೇ ಕೈಬಿಟ್ಟರು.

ಜೋರ್ಡನ್ ಅವರು ಹೀಗೇಕೆ ನಡೆದುಕೊಂಡರು? ಅವರೇ ಕೊಲೆಗಾರರಿರಬಹುದೆಂಬ ಊಹೆಯನ್ನು ಕೆಲವರು ಮಾಡಿದ್ದುಂಟು. ಎರಡು ಸಲವೂ ವಿಷ ಬೆರೆತ ಸ್ಥಳದಲ್ಲಿ ಅವರಿದ್ದರೆಂಬುದಕ್ಕೆ ಆಧಾರವಿಲ್ಲದಿರುವಾಗ ಅಂತಹ ಆರೋಪ ವಿಚಾರವಂತರಿಗೆ ಒಪ್ಪತಕ್ಕದ್ದಲ್ಲ. ಒಡತಿಯ ಮರಣದಿಂದ ಅವರ ಪದವಿ ಭದ್ರವಾಯಿತೆಂಬುದೇನೋ ನಿಜ. 1913ರವರೆಗೆ ಅವರು ಅಧ್ಯಕ್ಷರಾಗಿಯೇ ಇದ್ದರು. ಆದರೆ ಇದಕ್ಕಿಂತ ನಂಬತಕ್ಕ ಕಾರಣ ಸಂಸ್ಥೆಯ ಭಯ. ಕೊಲೆಯೆಂದು ಸಾರಿದರೆ ನ್ಯಾಯಾಲಯದಲ್ಲಿ ವಿಚಾರಣೆ ನಡೆದು ಮನೆಯೊಳಗಿನ ಮಾತೆಲ್ಲ ಬೀದಿಗೆ ಬರುತ್ತದೆ. ಸಂಸ್ಥಾಪಕಿ ಮೃತನಾದ ಮಗನೊಡನೆ ಮಾತನಾಡಲು ಪ್ರೇತಾವಾಹನೆಯ ಕೂಟಗಳನ್ನು ಆಶ್ರಯಿಸಿದ್ದರೆಂಬ ಸಂಗತಿ ಹೊರಬಿದ್ದರೆ ಅವರ ಚಿತ್ತಸ್ವಾಸ್ಥ್ಯವನ್ನೇ ಶಂಕಿಸಿ ದಾನಪತ್ರಗಳನ್ನು ಪ್ರಶ್ನಿಸುವವರು ಹುಟ್ಟಬಹುದು. ಕೋಟಿಗಟ್ಟಲೆ ಡಾಲರಿನ ನಿಧಿ, ನೂರಾರು ವಿದ್ಯಾರ್ಥಿಗಳ ಭವಿಷ್ಯ ಇದರ ಮೇಲೆ ನಿಂತಿತ್ತು. ಸತ್ತವರು ಹೇಗೂ ಮರಳುವುದಿಲ್ಲ, ಇರುವ ಸಂಸ್ಥೆ ಉಳಿಯಲಿ ಎಂಬ ತರ್ಕ ಬಹು ಸಜ್ಜನರಿಗೂ ಹಿಡಿಸುವಂತಹುದೇ.

ಹಿಡಿಸುವುದರಿಂದಲೇ ಅದನ್ನು ಪರೀಕ್ಷಿಸಬೇಕು. ಸಂಸ್ಥೆಗಾಗಿ ಒಡವೆ ಮಾರಲು ಹೊರಟ ಹೆಂಗಸು, ಎರಡು ಸಲ ವಿಷವುಂಡು, ಎರಡನೆಯ ಸಲ ತನಗೆ ವಿಷ ಹಾಕಿದ್ದಾರೆಂದು ತನ್ನ ಬಾಯಿಂದಲೇ ಹೇಳಿ ಸತ್ತಳು. ಆ ಕೊನೆಯ ಮಾತನ್ನು ಅದೇ ಸಂಸ್ಥೆಯ ಮುಖ್ಯಸ್ಥರು ಅಜೀರ್ಣದ ಭ್ರಮೆಯೆಂದು ತಳ್ಳಿಹಾಕಿದರು. ಅದರ ಫಲವಾಗಿ ಸಾಕ್ಷಿಗಳು ಬದುಕಿದ್ದಾಗಲೇ, ಕುರುಹುಗಳು ಹಸಿಯಾಗಿದ್ದಾಗಲೇ ಶೋಧನೆ ನಿಂತಿತು. ಒಂದು ವರ್ಷ ಕಳೆದು, 1906ರ ಏಪ್ರಿಲ್ 18ರ ಮಹಾಭೂಕಂಪದಲ್ಲಿ ನಾಬ್ ಹಿಲ್ಲಿನ ಭವನ ಅದರ ಬೆನ್ನಿಗೇ ಬಂದ ಬೆಂಕಿಗೆ ಆಹುತಿಯಾಯಿತು, ನಗರದ ಎಷ್ಟೋ ದಾಖಲೆಗಳು ಸುಟ್ಟುಹೋದುವು. ಜೇನ್ ಅವರು ಆಸ್ಥೆಯಿಂದ ಎಬ್ಬಿಸಿದ ಆರಾಧನಾಮಂದಿರ, ಮಹಾದ್ವಾರ, ವಸ್ತುಸಂಗ್ರಹಾಲಯಗಳೂ ಅದೇ ಮುಂಜಾನೆ ಕುಸಿದುವು. ಶಿಲಾಯುಗದ ಆಯುಷ್ಯ ಹತ್ತು ವರ್ಷವನ್ನೂ ದಾಟಲಿಲ್ಲ. ತರಗತಿಗಳು ಮಾತ್ರ ಮುಂದೆ ನಡೆದುವು. ಜೋರ್ಡನ್ ಅವರು 1922ರ ತಮ್ಮ ಆತ್ಮಚರಿತ್ರೆಯಲ್ಲಿಯೂ ಹೃದಯವಿಕಾರದ ಮಾತನ್ನೇ ಉಳಿಸಿಕೊಂಡರು.

ಈ ಮೌನವನ್ನು ಮೊದಲು ಸಮರ್ಥವಾಗಿ ಒಡೆದವರು ಚರಿತ್ರಕಾರರಲ್ಲ, ವೈದ್ಯರು. ಸ್ಟ್ಯಾನ್‌ಫರ್ಡಿನ ವೈದ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ರಾಬರ್ಟ್ ಕಟ್ಲರ್ ಅವರು ಹಾನೊಲುಲುವಿನ ಮೂಲ ಸಾಕ್ಷ್ಯಗಳನ್ನು ವೈದ್ಯದೃಷ್ಟಿಯಿಂದ ಪರಿಶೀಲಿಸಿ, ಬಿಗಿದ ದವಡೆಯಿಂದ ಹಿಡಿದು ಕಡೆಯವರೆಗೂ ಉಳಿದ ಪ್ರಜ್ಞೆಯವರೆಗೆ ಲಕ್ಷಣಗಳೆಲ್ಲ ಸ್ಟ್ರಿಕ್ನೀನಿನವೇ ಎಂದು 2003ರ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟರು. ಅದನ್ನು ಅಚ್ಚು ಮಾಡಿ ಪ್ರಕಟಿಸಿದುದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯವೇ. ತನ್ನ ಮೊದಲ ಅಧ್ಯಕ್ಷರ ಮಾತನ್ನು ಅಲ್ಲಗಳೆಯುವ ಪುಸ್ತಕವನ್ನು ತನ್ನ ಖರ್ಚಿನಿಂದಲೇ ಹೊರತರುವ ಧೈರ್ಯ ಆ ಸಂಸ್ಥೆಗೆ ತೊಂಬತ್ತೆಂಟು ವರ್ಷಗಳ ಬಳಿಕ ಬಂದಿತು. ತಡವಾದರೂ ಬಂದುದು ಅದರ ಹಿರಿಮೆ. 2020ರಲ್ಲಿ, ಮಾನವಕುಲದಲ್ಲಿ ತಳಿಶುದ್ಧಿಯನ್ನು ಪ್ರತಿಪಾದಿಸಿದ ಜೋರ್ಡನ್ ಅವರ ಹೆಸರನ್ನು ಕಟ್ಟಡವೊಂದರಿಂದ ತೆಗೆದುಹಾಕುವ ನಿರ್ಣಯವನ್ನೂ ವಿಶ್ವವಿದ್ಯಾಲಯ ಕೈಗೊಂಡಿತು. ಅದಕ್ಕೆ ಈ ಮರಣಪ್ರಕರಣ ಕಾರಣವಲ್ಲ.

2022ರಲ್ಲಿ ಅಲ್ಲಿಯ ನಿವೃತ್ತ ಇತಿಹಾಸ ಪ್ರಾಧ್ಯಾಪಕ ರಿಚರ್ಡ್ ವೈಟ್ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೊಂದವರಾರೆಂಬ ಪ್ರಶ್ನೆಗೇ ಒಂದು ಗ್ರಂಥವನ್ನು ಮೀಸಲಿಟ್ಟರು. ಅವರ ಬೆರಳು ತೋರುವುದು ಬರ್ತಾ ಬರ್ನರ್ ಕಡೆಗೆ. ಜನವರಿಯ ಘಟನೆಯಲ್ಲೂ ಫೆಬ್ರವರಿಯ ಘಟನೆಯಲ್ಲೂ ಹತ್ತಿರವಿದ್ದವಳು ಆಕೆಯೊಬ್ಬಳೇ. ಸೋಡಾ ಪುಡಿಯನ್ನು ಅಳೆದಿಟ್ಟವಳು ಆಕೆ. ಕಾಲ ಕಳೆದಂತೆ ಆಕೆಯ ಹೇಳಿಕೆಗಳು ಬದಲಾದುವು. ಒಡತಿಯ ಉಯಿಲಿನಲ್ಲಿ ಆಕೆಗೂ ಪಾಲಿತ್ತು. ಇವು ಬಲವಾದ ಸಂಗತಿಗಳು. ಆದರೆ ಎದುರು ತಕ್ಕಡಿಯಲ್ಲಿ ಇಡಬೇಕಾದುವೂ ಇವೆ. ಬಾಲಕ ಲೀಲಂಡನು ತೀರಿಕೊಂಡ 1884ರಲ್ಲಿಯೇ ಎಳೆಯ ಹುಡುಗಿಯಾಗಿ ಆ ಮನೆಗೆ ಬಂದ ಬರ್ನರ್ ಇಪ್ಪತ್ತು ವರ್ಷ ಜೇನ್ ಅವರ ನೆರಳಾಗಿದ್ದಳು. ಪ್ರವಾಸಗಳಲ್ಲಿ ಜೊತೆಗಾತಿ, ಕಾಯಿಲೆಯಲ್ಲಿ ಶುಶ್ರೂಷಕಿ, ಗುಟ್ಟುಗಳಿಗೆ ಭಂಡಾರ. ಅಷ್ಟು ಕಾಲ ಇನ್ನೊಬ್ಬರ ಇಚ್ಛೆಗೆ ತನ್ನ ಬಾಳನ್ನು ಒತ್ತೆಯಿಟ್ಟವಳ ಮನಸ್ಸಿನಲ್ಲಿ ಪ್ರೀತಿಯಿತ್ತೋ, ಬೇಸರವಿತ್ತೋ, ಎರಡೂ ಇದ್ದುವೋ, ಕಾಗದಪತ್ರಗಳಿಂದ ಅಳೆಯುವುದು ಕಷ್ಟ. ಸೋಡಾದ ಸೀಸೆ ಸಾನ್ ಫ್ರಾನ್ಸಿಸ್ಕೊದ ಮನೆಯಲ್ಲಿ ಹಲವರ ಕೈಗೆ ಎಟುಕುವಂತೆಯೇ ಇತ್ತು. ಹಾನೊಲುಲುವಿನ ಪಂಚರ ಮುಂದೆ ಸಾಕ್ಷ್ಯ ನುಡಿದಾಗ ಆಕೆಯ ಮೇಲೆ ಯಾರೂ ಆರೋಪ ಹೊರಿಸಲಿಲ್ಲ, ಮುಂದೆಯೂ ಯಾವ ನ್ಯಾಯಾಲಯವೂ ಆಕೆಯನ್ನು ಕರೆಯಲಿಲ್ಲ. ವಿಚಾರಣೆಯೇ ನಡೆಯದಿದ್ದುದರಿಂದ ಆಕೆ ಅಪರಾಧಿಯಾಗಿದ್ದರೆ ಶಿಕ್ಷೆಯೂ ಆಗಲಿಲ್ಲ, ನಿರಪರಾಧಿಯಾಗಿದ್ದರೆ ಸಂಶಯದಿಂದ ಬಿಡುಗಡೆಯೂ ಸಿಗಲಿಲ್ಲ. ಸತ್ಯವನ್ನು ಮುಚ್ಚಿದವರು ಸತ್ತವರೊಡನೆ ಬದುಕಿದ್ದವರಿಗೂ ಅನ್ಯಾಯ ಮಾಡಿದರು.

ಒಡತಿ ತೀರಿಕೊಂಡು ಮೂವತ್ತು ವರ್ಷಗಳಾಗುವ ಹೊತ್ತಿಗೆ ಬರ್ನರ್ ಅವರ ಜೀವನಚರಿತ್ರೆಯೊಂದನ್ನು ಬರೆದು ಪ್ರಕಟಿಸಿದಳು. ಜೇನ್ ಸ್ಟ್ಯಾನ್‌ಫರ್ಡ್ ಅವರ ದಿನಚರಿ, ಉಡುಗೆ, ದುಃಖ, ದೈವಭಕ್ತಿಗಳ ಬಗೆಗೆ ಇಂದಿಗೂ ವಿದ್ವಾಂಸರು ಹೆಚ್ಚಾಗಿ ನೆಚ್ಚುವುದು ಆ ಪುಸ್ತಕವನ್ನೇ. ಹಾನೊಲುಲುವಿನ ಪಂಚರ ನಿರ್ಣಯವನ್ನು ಬೇರೆ ಯಾವ ನ್ಯಾಯಪೀಠವೂ ತಿದ್ದಿಲ್ಲ. ಪಂಚರಿಗೆ ತಿಳಿಯದ ವ್ಯಕ್ತಿ ಅಥವಾ ವ್ಯಕ್ತಿಗಳು ಎಂಬ ಆ ಮಾತು ಕಾನೂನಿನ ದೃಷ್ಟಿಯಲ್ಲಿ ಇಂದಿಗೂ ಹಾಗೆಯೇ ನಿಂತಿದೆ.